ಖಾಲಿ ಜಾಗದ ಕಾವಲು

ಕಂತು ಏಳು

ಡಬ್ಬಿಯ ಮುಚ್ಚಳ ತೆಗೆದವಳೇ ಭಾರತಿ ಸ್ಕ್ರೂಡ್ರೈವರನ್ನು ಟೇಬಲ್ಲಿನ ಮೇಲೆ ಕುಕ್ಕಿದಳು.

"ಏನಾತ್ರಿ?" ಇನ್ಸ್‌ಪೆಕ್ಟರ್ ಹಣಮೇಶ ಬಗ್ಗಿ ನೋಡಿದ.

"ಏನಿಲ್ರಿ ಸಾಹೇಬ್ರ."

ಏನಿಲ್ಲವಂತೆ! ಒಳಗಿನ ಸ್ಕ್ರೂಗಳ ತಲೆಯ ಮೇಲೆ ಉಗುರುಬಣ್ಣದ ಚುಕ್ಕೆಗಳಿದ್ದವು, ನೇರಳೆ ಬಣ್ಣದವು. ಒಮ್ಮೆ ಸರಿಮಾಡಿದ ಸ್ಕ್ರೂ ಆಮೇಲೆ ಅಲುಗಾಡದಿರಲಿ ಎಂದು ಉಗುರುಬಣ್ಣ ಹಚ್ಚುವುದನ್ನು ಅರ್ಜುನನಿಗೆ ಕಲಿಸಿದವಳೇ ಇವಳು. ಆಗ ಅದು ಕೆಂಪಗಿರುತ್ತಿತ್ತು, ಇವಳ ಬಾಟಲಿಯದು. ಈಗಿನ ನೇರಳೆ ಯಾರ ಬಾಟಲಿಯದೆಂದು ಬಾಯಿಬಿಟ್ಟು ಹೇಳಬೇಕೆ? ಯಾದಗಿರಿಯಲ್ಲಿ ಅವನ ಪಕ್ಕದ ಕುರ್ಚಿಯಲ್ಲಿ ಕೂತು ಪ್ರೋಗ್ರಾಂ ಬರೆಯುವ ಸುಮಲತಾಳದು. ಭಾರತಿಗೆ ಮೈಯೆಲ್ಲ ಉರಿದುಹೋಯಿತು.

ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಗ್ಯಾಸ್ ಸೋರಿ ಹುಲಗಪ್ಪನೆಂಬ ಕೂಲಿಯವ ಸತ್ತಾಗ ಕೂಗಬೇಕಿದ್ದ ಸೈರನ್ ಕೂಗಿರಲಿಲ್ಲ. ಆ ಸೈರನ್ನನ್ನು ನಡೆಸುವ ಡಬ್ಬಿ ಇದು, ಪರೀಕ್ಷೆಗೆಂದು ಪೊಲೀಸರು ಇವಳ ಹತ್ತಿರ ತಂದದ್ದು. ಕಟ್ಟಿಕೊಟ್ಟ ಅರ್ಜುನ ಈಗ ಯಾದಗಿರಿಯ ಲಾಕಪ್ಪಿನಲ್ಲಿದ್ದ.

"ಜಲ್ದಿ ನೋಡ್ರಿ," ಎಂದ ಹಣಮೇಶ. "ಸಂಜಿಗೆ ಅಂವನ್ನ ಕೋರ್ಟಿಗೆ ಒಯ್ಯಬೇಕು. ನಿಮ್ಮ ರಿಪೋರ್ಟ್ ಬಂದ್ರ ಸರಿ, ಇಲ್ಲಾಂದ್ರ ಅಂವ ಹೇಳಿದ್ದಽ ಖರೇ ಅಂತ ಬರಕೋತೀನಿ."

"ಅಂವ ಏನಂತಾನ್ರಿ?"

"ಎಲ್ಲಾ ನಂದಽ ತಪ್ಪು, ಆ ಹುಡುಗೀದು ಏನೂ ಇಲ್ಲ, ಆಕೀನ್ನ ಕರೀಬ್ಯಾಡ್ರಿ ಅಂತಾನ. ಒಂದಽ ಹಾಡು."

ಆ ಹುಡುಗಿ! ಭಾರತಿ ತುಟಿ ಕಚ್ಚಿಕೊಂಡಳು. ಡಿಪ್ಲೊಮಾ ಮುಗಿಸಿ ಇದೇ ಶಹಾಪುರದ ಅಂಗಡಿಯಲ್ಲಿ, ಇದೇ ಟೇಬಲ್ಲಿಗೆ ಮೊಣಕೈ ಊರಿ, ಇಬ್ಬರೂ ನೀರಿನ ಪಂಪು ನಡೆಸುವ ಡಬ್ಬಿಗಳನ್ನು ಕಟ್ಟುತ್ತಿದ್ದ ದಿನಗಳಲ್ಲಿ ಅರ್ಜುನ ಇವಳಿಗಾಗಿ ಯಾರ ಎದುರೂ ಒಂದು ಮಾತೂ ಆಡಿದವನಲ್ಲ. ದೊಡ್ಡ ಆರ್ಡರುಗಳು ಸಿಗುತ್ತವೆಂದು ಯಾದಗಿರಿಗೆ ಹೋದ. ಹೋಗುವಾಗ "ಬರ್ತೀಯೇನು?" ಎಂದು ಕೇಳಲೂ ಇಲ್ಲ. ಈಗ ನೋಡಿದರೆ ಯಾವಳೋ ಒಬ್ಬಳಿಗೋಸ್ಕರ ಜೈಲಿಗೆ ಹೋಗಲು ತಯಾರಾಗಿ ಕೂತಿದ್ದಾನೆ.

"ಚಾ ತಗೊಳ್ರಿ," ಎಂದು ಅವಳ ಗಂಡ ದೇವಿಂದ್ರ ಎರಡು ಗ್ಲಾಸು ತಂದಿಟ್ಟ. ಅಂಗಡಿಯ ಮುಂಭಾಗ ಅವನದು, ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಹಿಂಭಾಗ ಇವಳದು. ಮದುವೆಯಾದ ಮೇಲೆ ಅವನೇ ನಡುವೆ ಒಂದು ಪರದೆ ಕಟ್ಟಿ, ಇವಳ ಟೇಬಲ್ಲಿನ ಮೇಲೆ ಒಳ್ಳೆಯ ದೀಪ ಹಾಕಿಸಿದ್ದ. ಕಡಿಮೆ ಮಾತಿನ ಮನುಷ್ಯ. ಡಬ್ಬಿಯ ಕಡೆ ಒಮ್ಮೆ ನೋಡಿ, ಹೆಂಡತಿಯ ಮುಖ ಒಮ್ಮೆ ನೋಡಿ, ಹೊರಗೆ ಹೋದ.

ಭಾರತಿ ಡಬ್ಬಿಯೊಳಗಿನ ಎಲೆಕ್ಟ್ರಾನಿಕ್ ಚಿಪ್ಪಿಗೆ ವೈರು ಚುಚ್ಚಿ ಲ್ಯಾಪ್‌ಟಾಪಿಗೆ ಜೋಡಿಸಿದಳು. ಒಳಗಿನ ಪ್ರೋಗ್ರಾಂ ಪರದೆಯ ಮೇಲೆ ಸಾಲುಸಾಲಾಗಿ ಇಳಿಯಿತು. ಪಕ್ಕದಲ್ಲಿ ತಮ್ಮ ಹಳೆಯ ಡಬ್ಬಿಯ ಪ್ರೋಗ್ರಾಂ ತೆರೆದಿಟ್ಟಳು. ಎರಡನ್ನೂ ಹೋಲಿಸುತ್ತ ಹೋದಂತೆ ಅವಳ ಹುಬ್ಬು ಗಂಟಿಕ್ಕಿತು.

"ಸಾಹೇಬ್ರ, ಇದನ್ನ ಯಾರೋ ಕೆಡಿಸ್ಯಾರ."

"ಹೆಂಗ ಹೇಳ್ತೀರಿ? ನನಗ ತಿಳಿಯೂ ಹಂಗ ಹೇಳ್ರಿ."

"ಸುರಪುರ ಬಸ್ಸು ಹತ್ತೀರಲ್ರಿ, ಸಂತಿ ದಿನ?"

"ಹತ್ತದ ಏನ್ರಿ. ಉಸುರು ಆಡಂಗಿಲ್ಲ."

"ಈ ಚಿಪ್ಪಿನ ನೆನಪು ಅಂದ್ರ ಆ ಬಸ್ಸು ಅಂತ ತಿಳೀರಿ. ಭಾಳ ಸಣ್ಣ ಬಸ್ಸು. ನಿಮ್ಮ ಫೋನಿನಾಗ ಒಂದು ಫೋಟೋ ಹಿಡಿಯೂವಷ್ಟೂ ಜಾಗ ಇದರಾಗಿಲ್ಲ. ಮುಂದಿನ ಬಾಗಿಲಿಂದ ಹತ್ತಿದವ್ರು ಕಡೀ ಸ್ಟಾಪಿನ ತನಕ ಇಳಿಯಂಗಿಲ್ಲ. ಅವು ಕಾಯಂ ಇಡಬೇಕಾದ ಲೆಕ್ಕ, ಮಾತು. ಹಿಂದಿನ ಬಾಗಿಲಿಂದ ಹತ್ತಿ ಇಳಿಯೂವ್ರು ಬ್ಯಾರೆ. ಕೆಲ್ಸ ಬಂದಾಗ ಹತ್ತತಾವ, ಮುಗದ ಮ್ಯಾಲೆ ಇಳೀತಾವ. ನಡುವ ಜಾಗ ಇರೂತನಕ ಫಿಕರ್ ಇಲ್ಲ."

"ಜಾಗ ಮುಗದ್ರ?"

"ಒಬ್ಬರ ಮ್ಯಾಲೆ ಒಬ್ರು ಕುಂದರತಾರ್ರಿ. ಚಿಪ್ಪಿಗೆ ತಾ ಏನು ಮಾಡಾಕತ್ತಿದ್ದೆ ಅನ್ನೂದಽ ಮರತು ಹೋಗ್ತದ. ಸುಮ್ನ ನಿಂತು ಬಿಡ್ತದ."

ಹಣಮೇಶ ಚಹದ ಗ್ಲಾಸು ಕೆಳಗಿಟ್ಟ. "ಆದ್ರ ಕಾರ್ಖಾನಿಯವ್ರು ದಿನಾ ಬಟನ್ ಒತ್ತಿ ನೋಡ್ತಿದ್ರಂತಲ್ರಿ? ದಿನಾ ಕೂಗತಿತ್ತಂತ."

"ಬಟನ್ ಒತ್ತಿದ್ರ ಸೈರನ್ ಒಂದಽ ಕೂಗ್ತದ. ಖರೇ ಗ್ಯಾಸ್ ಬಂದಾಗ ಹಂಗಲ್ರಿ. ಗ್ಯಾಸ್ ಎಷ್ಟದ ಅಂತ ಅಳೀಬೇಕು, ಪರದಿ ಮ್ಯಾಲೆ ಓಡ್ರಿ ಅಂತ ಬರೀಬೇಕು, ಮ್ಯಾನೇಜರಗ ಮೆಸೇಜ್ ಕಳಿಸಬೇಕು, ಸೈರನ್ ಒದರಿಸಬೇಕು. ಎಲ್ಲಾರೂ ಒಮ್ಮಿಗೇ ಹಿಂದಿನ ಬಾಗಿಲಿಂದ ನುಗ್ಗತಾರ."

ಇನ್ಸ್‌ಪೆಕ್ಟರ್ ಡಬ್ಬಿಯನ್ನು ಬೆರಳಿನಿಂದ ತಟ್ಟಿದ. "ಅಂದ್ರ ಯಾವಾಗ ಕೂಗಬೇಕೋ ಆವಾಗಽ ಮೂಗ ಆಗ್ತದ."

"ಹೌದ್ರಿ."

ಅವಳು ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. 'ಓಡಿ, ಗ್ಯಾಸ್ ಸೋರುತ್ತಿದೆ' ಎಂಬ ಮಾತು ಕನ್ನಡದಲ್ಲಿತ್ತು, ತೆಲುಗಿನಲ್ಲಿತ್ತು, ಹಿಂದಿಯಲ್ಲಿತ್ತು. ಕಾರ್ಖಾನೆಯಲ್ಲಿ ಮೂರೂ ಕಡೆಯ ಕೂಲಿಯವರಿದ್ದರಲ್ಲ, ಮೂರು ಭಾಷೆ ಬೇಕೆಂದು ಕೇಳಿದವರದು ತಪ್ಪಲ್ಲ. ಆದರೆ ಆ ಮಾತುಗಳನ್ನು ಪ್ರೋಗ್ರಾಂ ಇರುವ ಬೇರೆ ಜಾಗದಲ್ಲಿ, ಬಸ್ಸಿನ ಹೊರಗಿನ ಗೋದಾಮಿನಲ್ಲೆನ್ನಿ, ಇಟ್ಟು ಬೇಕಾದಾಗ ಒಂದೊಂದನ್ನೇ ಕರೆಯಬೇಕಿತ್ತು. ಮೂರನ್ನೂ ಬೆಳಗಿನಿಂದಲೇ ಬಸ್ಸು ಹತ್ತಿಸಿ ಸೀಟು ಹಿಡಿಸಿ ಕೂರಿಸಿದ್ದರು. ಮೊದಲ ವರ್ಷದ ಮಕ್ಕಳು ಮಾಡುವ ತಪ್ಪು. ಭಾರತಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಇಷ್ಟೇನಾ ಇವಳ ಜಾಣತನ? ಇಂಥವಳ ಕೈಗೆ ಡಬ್ಬಿ ಕೊಟ್ಟನಲ್ಲ ಆ ಪುಣ್ಯಾತ್ಮ!

ಆದರೆ ಮುಂದಿನ ಸಾಲುಗಳನ್ನು ನೋಡುತ್ತಿದ್ದಂತೆ ಆ ಖುಷಿ ಇಳಿದುಹೋಯಿತು. ಅವಳು ಹಳೆಯ ಪ್ರೋಗ್ರಾಮಿನ ಒಂದು ತುಂಡನ್ನು ಹುಡುಕಿದಳು. ಮೇಲೆ ಕೆಳಗೆ ಜಾಲಾಡಿದಳು. ಇರಲಿಲ್ಲ.

"ಕಾವಲು ತಗದಾರ್ರಿ," ಎಂದಳು. ದನಿ ಸಣ್ಣದಾಗಿತ್ತು.

"ಯಾವ ಕಾವಲು?"

ಹಿಂದೊಮ್ಮೆ ಬೋನಾಳದಲ್ಲಿ ಅವರಿಬ್ಬರ ಡಬ್ಬಿಯೊಂದು ಹೀಗೇ ನೆನಪು ತುಂಬಿ ಮರಗಟ್ಟಿ, ನೀರಿಲ್ಲದ ಪಂಪು ಓಡಿ ಓಡಿ ಸುಟ್ಟಿತ್ತು. ಊರವರ ಬೈಗುಳ ತಿಂದು ಬಂದ ಮೇಲೆ ಭಾರತಿ ಹಟ ಹಿಡಿದು ಕೂತು ಆ ತುಂಡು ಬರೆದಳು. ಬಸ್ಸಿನ ನಡುವಿನ ಖಾಲಿ ಸೀಟುಗಳ ಮೇಲೆಲ್ಲ ಅದು ಒಂದೊಂದು ಟವೆಲ್ ಹಾಕಿಡುತ್ತಿತ್ತು. ಮತ್ತೆ ಮತ್ತೆ ಎಣಿಸುತ್ತಿತ್ತು. ಟವೆಲುಗಳು ಮಾಯವಾಗತೊಡಗಿದರೆ ಜನ ನುಗ್ಗುತ್ತಿದ್ದಾರೆಂದು ಅರ್ಥ. ಆಗ ಮೊದಲು ಸೈರನ್ ಒದರಿಸಿ, ಆಮೇಲೆ ಚಿಪ್ಪನ್ನೇ ಹೊಸದಾಗಿ ಚಾಲೂ ಮಾಡುತ್ತಿತ್ತು. ಅರ್ಜುನ ಬೆನ್ನು ತಟ್ಟಿ, "ಇದೊಂದಿದ್ರ ನಾ ನಿದ್ದಿ ಮಾಡ್ತೀನಿ ನೋಡು," ಎಂದಿದ್ದ. ಆ ಒಂದು ಮಾತನ್ನು ಅವಳು ಎಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದಳೋ!

"ಇದಿದ್ರ ಹುಲಗಪ್ಪ ಬದುಕತಿದ್ದ," ಎಂದು ಅವಳು ಮಾತು ಮುಗಿಸಿದಳು.

"ತಗದಾವ್ರು ಯಾರು?"

"ಅರ್ಜುನ ತಗೀಯಂಗಿಲ್ರಿ. ಅದರ ಕೆಲ್ಸ ಅಂವಗ ಗೊತ್ತದ. ಉಳದಾಕಿ ಒಬ್ಬಾಕೀನಽ."

ಹೇಳುವಾಗ ಅವಳ ಕಣ್ಣು ಮಿಂಚಿದ್ದು ಹಣಮೇಶನಿಗೆ ಕಾಣಿಸದೆ ಇರಲಿಲ್ಲ. "ಆ ಉಳದಾಕಿ ಬರಾಕತ್ತಾಳ," ಎಂದ. "ಅರ್ಜುನ ಬ್ಯಾಡಂದ್ರೂ ನಾ ಕರಸೀನಿ. ನಿಮ್ಮ ಎದುರಽ ಕೇಳೂನು."

ಬಾಗಿಲಲ್ಲಿ ಸ್ಕೂಟಿ ನಿಂತ ಸದ್ದಾಯಿತು.

ಸುಮಲತಾ ಒಳಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಅತ್ತು ಅತ್ತು ಕಣ್ಣು ಊದಿದ್ದವು. ಭಾರತಿ ಮೊದಲು ನೋಡಿದ್ದು ಅವಳ ಉಗುರುಗಳನ್ನು. ನೇರಳೆ ಬಣ್ಣ ಅರ್ಧ ಉದುರಿತ್ತು. ಹೆಬ್ಬೆರಳ ಮೇಲೆ ಬೆಸುಗೆ ಕಡ್ಡಿ ತಾಗಿ ಸುಟ್ಟ ಕಲೆ, ತನ್ನ ಹೆಬ್ಬೆರಳಿನ ಮೇಲೆ ಇರುವಂಥದ್ದೇ. ಆ ಕಲೆ ಬಿದ್ದಾಗ ಅವನು ಊದಿರಬಹುದೇ? ಬರ್ನಾಲ್ ಹಚ್ಚಿರಬಹುದೇ? ಛೀ, ಎಂದುಕೊಂಡಳು. ಒಬ್ಬ ಮನುಷ್ಯ ಸತ್ತಿರುವಾಗ ಇವಳ ತಲೆಯಲ್ಲಿ ಓಡುತ್ತಿರುವುದೇನು ನೋಡಿ.

"ನಮಸ್ಕಾರ್ರೀ ಅಕ್ಕಾ," ಎಂದಳು ಸುಮಲತಾ.

"ನಾ ಯಾರ ಅಕ್ಕನೂ ಅಲ್ಲ. ಕುಂದರು."

ಸುಮಲತಾ ಕೂರಲಿಲ್ಲ.

"ಕಾವಲು ತಗದಾಕಿ ನೀನಽ ಹೌದಲ್ಲ?"

"ಹೌದ್ರಿ."

ಇಷ್ಟು ಸುಲಭವಾಗಿ ಒಪ್ಪುತ್ತಾಳೆಂದು ಭಾರತಿ ಎಣಿಸಿರಲಿಲ್ಲ. ಹಣಮೇಶನೇ ಕೇಳಿದ: "ಯಾಕ ತಗದಿ?"

"ಜಾಗ ಇರಲಿಲ್ರಿ ಸಾಹೇಬ್ರ. ಮೂರು ಭಾಷಾದಾಗ ಮಾತು ಹಾಕ್ರಿ ಅಂತ ಕಾರ್ಖಾನಿಯವ್ರು ಬೆನ್ನ ಹತ್ತಿದ್ರು. ಚಿಪ್ಪು ತುಂಬಿ ತುಳುಕಾಕತ್ತಿತ್ತು. ಒಂದು ಹಾಕಬೇಕಂದ್ರ ಒಂದು ತಗೀಬೇಕು."

"ತಗಿಯಾಕ ನಿನಗ ಅದಽ ಸಿಕ್ತೇನು?" ಭಾರತಿ ಎದ್ದು ನಿಂತಳು. "ಪರದಿ ಮ್ಯಾಲೆ ದೊಡ್ಡ ದೊಡ್ಡ ಚಂದದ ಮೆನು ಮಾಡಿರ್ತಿಯಲ್ಲ, ಅದನ್ನ ತಗೀಬೇಕಿತ್ತು."

"ತಗದೀನ್ರಿ! ನನ್ನ ಮೆನು ತಗದೆ. ನಾ ಬರದ ತಾರೀಖಿನ ಲೆಕ್ಕ ತಗದೆ. ನಾ ಬರದದ್ದು ಒಂದೊಂದಽ ತಗಿಯಾಕ ಹಚ್ಚಿದ ಅಂವ. ಈ ತುಂಡು ತಗಿಯೂಣು ಅಂದಾಗೆಲ್ಲ, ಅದು ಇರ್ಲಿ ಬಿಡು ಅಂತಿದ್ದ. ಯಾಕ ಅಂದ್ರ ಹೇಳತಿದ್ದಿಲ್ಲ. ನಗತಿದ್ದ."

ಅವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಟೇಬಲ್ಲಿನ ಮೇಲಿಟ್ಟು ತೆರೆದಳು. ಚಿಪ್ಪಿಗೆ ಹೋಗುವ ಮೊದಲು ಬರೆದ ಮೂಲ ಪ್ರೋಗ್ರಾಂ, ಕಾವಲು ತೆಗೆಯುವುದಕ್ಕಿಂತ ಹಿಂದಿನ ಪ್ರತಿ. ಪ್ರತಿ ತುಂಡಿಗೂ ಬರೆದವರು ಒಂದು ಹೆಸರಿಡಬೇಕು. ಒಂದಕ್ಕೆ ಸೈರನ್ ಎಂದು, ಒಂದಕ್ಕೆ ಪರದೆ ಎಂದು, ಒಂದಕ್ಕೆ ಮೆಸೇಜ್ ಎಂದು ಹೆಸರಿತ್ತು. ಎಲ್ಲಕ್ಕೂ ಮೊದಲಿದ್ದ ತುಂಡಿನ ಹೆಸರು ಭಾರತಿ.

ಅಷ್ಟೇ. ಬರೀ ಭಾರತಿ. ಕಾವಲು ಎಂದಿಲ್ಲ, ಅದು ಏನು ಮಾಡುತ್ತದೆಂದು ಒಂದು ಸಾಲಿನ ವಿವರಣೆಯೂ ಇಲ್ಲ. ಬರೆದವರ ಹೆಸರನ್ನೇ ಅದಕ್ಕಿಟ್ಟು ಸುಮ್ಮನಾಗಿದ್ದ ಅರ್ಜುನ.

"ಅಂವನ ಜೋಡಿ ಕೆಲ್ಸಕ್ಕ ಹತ್ತಿದ ದಿನದಿಂದ ನೋಡೀನ್ರಿ ಈ ಹೆಸರು," ಎಂದಳು ಸುಮಲತಾ. "ಒಂದೊಂದು ಅಕ್ಷರಕ್ಕ ನಾವು ಜಗಳಾಡೂ ಜಾಗದಾಗ ನೀವು ಕಾಲು ಚಾಚಿ ಕುಂತೀರಿ. ಊರು ಬಿಟ್ಟು ಬಂದ, ಟೇಬಲ್ ಬಿಟ್ಟು ಬಂದ, ಇದೊಂದು ಬಿಡವಲ್ಲ. ನಿಮಗಾದ್ರ ಸಹನ ಆಗ್ತಿತ್ತೇನ್ರಿ?"

ಭಾರತಿ ಆ ಹೆಸರನ್ನು ಮತ್ತೊಮ್ಮೆ ಓದಿದಳು. ಬಿಟ್ಟಿರಲಿಲ್ಲ. ಅವನು ಬಿಟ್ಟಿರಲಿಲ್ಲ! ಈ ನೇರಳೆ ಉಗುರಿನವಳು ಪಕ್ಕದಲ್ಲಿ ಕೂತು ಕಣ್ಣೀರು ಹಾಕಿದರೂ ತನ್ನ ಹೆಸರಿಗೆ ಜಾಗ ಇಟ್ಟಿದ್ದ. ಅವಳಿಗೆ ಅಲ್ಲೇ ನಕ್ಕುಬಿಡಬೇಕೆನ್ನಿಸಿತು, ಅತ್ತುಬಿಡಬೇಕೆನ್ನಿಸಿತು. ಎದುರಿಗೆ ಪೊಲೀಸರಿರುವುದು ನೆನಪಾಗಿ ಮುಖ ಗಟ್ಟಿ ಮಾಡಿಕೊಂಡಳು.

"ಅದಕ್ಕ ಒಂದು ಜೀವ ತಗದಿ," ಎಂದಳು. "ಬರಕೊಳ್ರಿ ಸಾಹೇಬ್ರ. ಹೊಟ್ಟಿಕಿಚ್ಚಿಗೆ ಕಾವಲು ಕಿತ್ತು ಒಗದಾಳ. ಅರ್ಜುನಂದು ಇದರಾಗ ಏನೂ ತಪ್ಪಿಲ್ಲ. ನಾ ಸಹಿ ಮಾಡಿಕೊಡ್ತೀನಿ."

"ತಡೀರಿ," ಎಂದಳು ಸುಮಲತಾ. "ಹೊಟ್ಟಿಕಿಚ್ಚು ಖರೇ. ಆದ್ರ ನಾ ಅಷ್ಟು ಹುಚ್ಚಿ ಅಲ್ಲ. ಕೇಳಿ ತಗದೀನಿ."

"ಯಾರನ್ನ ಕೇಳಿದಿ? ಅರ್ಜುನನ್ನೇನು?"

"ಅಂವನ್ನ ಕೇಳಿದ್ರ ಮತ್ತ ನಗತಿದ್ದ. ಬರದಾವ್ರನ್ನಽ ಕೇಳಿದೆ. ನಿಮ್ಮನ್ನ."

ಭಾರತಿ ಗಕ್ಕನೆ ತಿರುಗಿದಳು. "ನನ್ನನ್ನ? ಹುಚ್ಚು ಹಿಡದದೇನು ನಿನಗ? ನೀ ನನಗ ಯಾವತ್ತು ಕೇಳಿದಿ?"

"ಹೋದ ತಿಂಗಳ. ಅಕ್ಕಾ, ನಿಮ್ಮ ಹೆಸರಿನ ತುಂಡು ಒಂದದ, ಅದರ ಕೆಲ್ಸ ಏನು, ತಗದ್ರ ನಡೀತದೇನು ಅಂತ ಮೆಸೇಜ್ ಹಾಕಿದೆ. ನಿಮ್ಮ ಅಂಗಡಿ ನಂಬರಿಗೆ. ಜವಾಬೂ ಬಂತು."

ಅವಳು ತನ್ನ ಫೋನನ್ನು ಹಣಮೇಶನ ಕೈಗೆ ಕೊಟ್ಟಳು. ಅವನು ಕನ್ನಡಕ ಏರಿಸಿ ಓದಿದ: "ಅದು ಹಳೇ ಕಾಲದ್ದು. ಈಗ ಅದರ ಕೆಲ್ಸ ಏನೂ ಉಳಿದಿಲ್ಲ. ತಗದು ಹಾಕ್ರಿ." ತಲೆಯೆತ್ತಿ ಭಾರತಿಯನ್ನು ನೋಡಿದ. "ನಂಬರ್ ನಿಮ್ದಽ ಅದ."

"ನಾ ನೋಡಿಲ್ರಿ ಇದನ್ನ," ಎಂದು ಹೇಳಲು ಭಾರತಿ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಅಂಗಡಿಯ ಮುಂಭಾಗದ ಕಡೆ ಹೋಯಿತು.

ಅವಳ ಫೋನ್ ಹಗಲೆಲ್ಲ ಮುಂದಿನ ಕೌಂಟರಿನ ಮೇಲೆ ಬಿದ್ದಿರುತ್ತದೆ. ಇವಳ ಕೈಯಲ್ಲಿ ಬೆಸುಗೆ ಕಡ್ಡಿ ಇರುವಾಗ ಗಿರಾಕಿಗಳಿಗೆ ಉತ್ತರ ಹೇಳುವುದು, ಮೆಸೇಜ್ ಹಾಕುವುದು ಎಲ್ಲ ದೇವಿಂದ್ರನೇ.

ಹಣಮೇಶ ಅವಳ ಫೋನನ್ನೂ ತರಿಸಿದ. ತಂದುಕೊಟ್ಟವನು ದೇವಿಂದ್ರ. ಕೊಟ್ಟು, ವಾಪಸು ಹೋಗದೆ ನಡುವಿನ ಬಟ್ಟೆಯ ಪರದೆ ಹಿಡಿದು ನಿಂತ. ಸುಮಲತಾಳ ನಂಬರಿನಿಂದ ಬಂದದ್ದು ಅದರಲ್ಲಿ ಒಂದೂ ಇರಲಿಲ್ಲ. ಎಲ್ಲ ಅಳಿಸಿತ್ತು.

ಭಾರತಿ ಗಂಡನ ಮುಖ ನೋಡಿದಳು. ಬಹಳ ದಿನದ ಮೇಲೆ ನೋಡಿದಳು ಎನ್ನಬೇಕು. ಅವನ ಕಣ್ಣು ಸುಮಲತಾಳ ಲ್ಯಾಪ್‌ಟಾಪಿನ ಮೇಲಿನ ಆ ಹೆಸರಿನ ಮೇಲಿತ್ತು. ದವಡೆ ಬಿಗಿದಿತ್ತು. ಆ ಬಿಗಿದ ದವಡೆಯ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೇರಳೆ ಚುಕ್ಕೆ ನೋಡಿದಾಗ ತನ್ನ ದವಡೆಯೂ ಹೀಗೇ ಬಿಗಿದಿತ್ತು. ಹಾಗಾದರೆ ಎಷ್ಟು ವರ್ಷದಿಂದ? ಊಟಕ್ಕೆ ಕೂತಾಗ ಅರ್ಜುನನ ಸುದ್ದಿ ಬಂದರೆ ಅವನು ಸುಮ್ಮನೆ ಎದ್ದು ಕೈ ತೊಳೆಯುತ್ತಿದ್ದ. ಇವಳು ಅದನ್ನು ಹಸಿವು ಕಡಿಮೆ ಎಂದುಕೊಂಡಿದ್ದಳು. ಅಯ್ಯೋ ದೇವರೇ, ಈ ಬೆಂಕಿಯನ್ನು ನಾನೇ ದಿನಾ ಊದಿದ್ದೆ ಎಂದುಕೊಂಡಳು.

ಮೋಟರಿಗೆ ತಂತಿ ಸುತ್ತುವವನಿಗೆ ಆ ತುಂಡಿನ ಕೆಲಸ ಏನು ಗೊತ್ತಿರಬೇಕು? ಒಂದು ಹೆಸರು ಅಳಿಸಿದರೆ ಸಾಕೆಂದು ಬರೆದಿದ್ದಾನೆ. ಅಷ್ಟೇ ಇರಬೇಕು. ಅಷ್ಟೇ ಇರಲಿ ಎಂದು ಬೇಡಿಕೊಂಡಳು.

"ಭಾರತಿಯವ್ರ," ಹಣಮೇಶನ ದನಿ ಬದಲಾಗಿತ್ತು. "ಈ ಜವಾಬು ಬರದಾವ್ರು ಯಾರು?"

ದೇವಿಂದ್ರ ಒಂದು ಹೆಜ್ಜೆ ಮುಂದಿಟ್ಟ. "ಸಾಹೇಬ್ರ, ಅದು..."

"ನಾನಽ ಬರದೀನ್ರಿ," ಎಂದುಬಿಟ್ಟಳು ಭಾರತಿ.

ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಲಾಕಪ್ಪಿನಲ್ಲಿ ಕೂತವನೊಬ್ಬ ಹೀಗೇ ಎಲ್ಲ ತನ್ನ ತಲೆಯ ಮೇಲೆ ಹಾಕಿಕೊಂಡದ್ದಕ್ಕೆ ಈಗಷ್ಟೇ ಮೈ ಉರಿಸಿಕೊಂಡಿದ್ದಳು. ಈಗ ಪರದೆ ಹಿಡಿದು ನಿಂತ ಈ ಮನುಷ್ಯನನ್ನು ಪೊಲೀಸರು ಕರೆದೊಯ್ಯುವುದನ್ನು ನೆನೆದರೆ ಕಾಲ ಕೆಳಗೆ ನೆಲವೇ ಇಲ್ಲದಂತಾಯಿತು.

"ನೀವಽ?"

"ಹೌದ್ರಿ. ಬರದು, ಆಮ್ಯಾಲೆ ಅಳಿಸೀನಿ."

"ಆಗಳೇ 'ನೀ ನನಗ ಯಾವತ್ತು ಕೇಳಿದಿ' ಅಂದ್ರಲ್ರಿ?"

"ಹೆದರಿ ಅಂದೆ."

ಹಣಮೇಶ ಪೆನ್ನಿನ ಮುಚ್ಚಳ ತೆಗೆದ, ಬರೆಯಲಿಲ್ಲ. "ವಿಚಾರ ಮಾಡಿ ಹೇಳ್ರಿ. ಈ ಹುಡುಗಿಗಿ ಅದರ ಕೆಲ್ಸ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು. ಇದಿದ್ರ ಹುಲಗಪ್ಪ ಬದುಕತಿದ್ದ ಅಂತ ನೀವಽ ಅಂದ್ರಿ. ಗೊತ್ತಿದ್ದೂ ತಗೀರಿ ಅಂದಾವ್ರಿಗೆ ಕಾಯ್ದೆ ಏನಂತದ, ತಿಳದದಲ್ಲ?"

ಭಾರತಿ ಗೋಣು ಹಾಕಿದಳು.

"ಭಾರತಿ, ಬ್ಯಾಡ," ಎಂದ ದೇವಿಂದ್ರ.

"ನೀವು ಸುಮ್ನಿರ್ರಿ."

ಸುಮಲತಾ ಇಬ್ಬರನ್ನೂ ಬಾರಿ ಬಾರಿ ನೋಡಿದಳು. ಆಮೇಲೆ ಮೆಲ್ಲಗೆ, "ಸಾಹೇಬ್ರ, ಕೆಳಗ ಸರಸಿ ನೋಡ್ರಿ. ಇನ್ನೊಂದದ," ಎಂದಳು.

ಹಣಮೇಶ ಬೆರಳಿನಿಂದ ಸುಮಲತಾಳ ಫೋನಿನ ಪರದೆ ಸರಿಸಿದ. ಓದಿದ. ಮತ್ತೊಮ್ಮೆ ಓದಿದ. ಅವನ ಮುಖದಲ್ಲಿದ್ದ ಅನುಮಾನವೆಲ್ಲ ಇಳಿದು, ಬೇರೇನೋ ಬಂದು ಕೂತಿತು. ಫೋನನ್ನು ಮಗುಚಿ ಅಂಗೈಯಲ್ಲಿ ಮುಚ್ಚಿಕೊಂಡ.

"ತಗದು ಹಾಕ್ರಿ ಅಂದ ಮ್ಯಾಲೆ, ಇದಽ ನಂಬರಿನಿಂದ ಇನ್ನೊಂದು ಮೆಸೇಜ್ ಬಂದದ," ಎಂದ. "ಬರದಾವ್ರು ನೀವಽ ಅಂತೀರಿ. ಅದರಾಗ ಏನು ಬರದೀರಿ, ಹೇಳ್ರಿ."

ದೇವಿಂದ್ರ ತಲೆ ತಗ್ಗಿಸಿದ.

ಭಾರತಿ ಅವನನ್ನೇ ನೋಡುತ್ತ ನಿಂತಳು. ಅರ್ಜುನ ಏನು ಬರೆದಿರುತ್ತಾನೆಂದು ಕೇಳಿದ್ದರೆ ಕಣ್ಣುಮುಚ್ಚಿ ಅಕ್ಷರಕ್ಕಕ್ಷರ ಹೇಳಿಬಿಡುತ್ತಿದ್ದಳು. ತನ್ನ ಗಂಡ ಏನು ಬರೆದಿರಬಹುದೆಂದು ಅವಳಿಗೆ ಒಂದಿಷ್ಟೂ ಅಂದಾಜಾಗಲಿಲ್ಲ.